ಮೋರಿಯ ಕವಚಧಾರಿ

ಆಸ್ಪತ್ರೆಯ ಮೋರಿಯಲ್ಲಿ ಗಟ್ಟಿಯಪ್ಪನೆಂಬ ರೋಗಾಣುವಿನದೇ ದರ್ಬಾರು. ದಾದಿಯರು ಸೀಸೆಗಳಲ್ಲಿ ಉಳಿದ ರೋಗಾಣು ಕೊಲ್ಲುವ ಔಷಧಿಯನ್ನು ಬೇಸಿನ್ನಿಗೆ ಸುರಿದಾಗಲೆಲ್ಲ ನೆರೆಹೊರೆಯ ಸೂಕ್ಷ್ಮಾಣುಗಳು ಸಾಯುತ್ತಿದ್ದವು. ದಪ್ಪ ಕವಚ ಹೊತ್ತ ಗಟ್ಟಿಯಪ್ಪ ಮಾತ್ರ ಮೀಸೆ ತಿರುವುತ್ತ ಅವುಗಳ ಪಾಲನ್ನೂ ಉಣ್ಣುತ್ತಿದ್ದ. ಯಾರಿಗೂ ಕೇಡು ಬಗೆಯದ ಸೂಕ್ಷ್ಮಾಣು ತೆಳ್ಳವ್ವ ಪೈಪಿನ ಬಿರುಕಿನಲ್ಲಿ ಅವಿತು ಹೇಗೋ ಜೀವ ಹಿಡಿದಿದ್ದಳು.

ಒಮ್ಮೆ ಹೊಸದಾಗಿ ಬಂದ ಹಿರಿಯ ದಾದಿ, “ಇನ್ನು ಒಂದು ಹನಿ ಔಷಧಿಯೂ ಮೋರಿಗೆ ಬೀಳಕೂಡದು” ಎಂದು ಅಪ್ಪಣೆ ಮಾಡಿದಳು. ತೆಳ್ಳವ್ವ ಹೊರಗೆ ಬಂದಳು, ಹೊಟ್ಟೆತುಂಬ ಉಂಡಳು, ಮೂರೇ ದಿನದಲ್ಲಿ ಮಕ್ಕಳು ಮೊಮ್ಮಕ್ಕಳಿಂದ ಮೋರಿ ತುಂಬಿಸಿದಳು. ಕವಚದ ಭಾರಕ್ಕೆ ಏದುಸಿರು ಬಿಡುತ್ತ ಗಟ್ಟಿಯಪ್ಪ ಬರುವಷ್ಟರಲ್ಲಿ ಊಟವೆಲ್ಲ ಖಾಲಿಯಾಗಿರುತ್ತಿತ್ತು.

“ಕವಚ ಇಳಿಸಿ ಬಾರಪ್ಪ, ಪಂಕ್ತಿಯಲ್ಲಿ ಜಾಗವಿದೆ” ಎಂದಳು ತೆಳ್ಳವ್ವ.

“ಶತ್ರು ಬಂದರೆ?”

“ಬರುವುದು ನಿಂತು ಮೂರು ದಿನವಾಯಿತಲ್ಲ!”

ಗಟ್ಟಿಯಪ್ಪ ಕೇಳಲಿಲ್ಲ. ತೆವಳುತ್ತ ಪೈಪಿನ ಬಾಯಿಗೆ ಹೋಗಿ, ಮೇಲೆ ಮುಖ ಮಾಡಿ ಗೋಗರೆದ: “ತಾಯೀ, ದಮ್ಮಯ್ಯ, ಒಂದು ಹನಿ ಔಷಧಿ ಹಾಕಿ! ಇಲ್ಲದಿದ್ದರೆ ನಾನು ಸತ್ತೇಹೋಗುತ್ತೇನೆ!”

ನಗು ತಡೆಯಲಾರದೆ ತೆಳ್ಳವ್ವನಿಗೆ ತುತ್ತು ನೆತ್ತಿಗೇರಿತು.