ದ್ಯಾವನ ತಲೆ ಹಿಂದಿನ ನೋಟ

ಸುಳ್ಳು ಅನ್ನಿಸಿದರೆ ಹೂಂ ಅನ್ನಬೇಡಿ. ನಿಜ ಅನ್ನಿಸಿದರಂತೂ ಅನ್ನಲೇಬೇಡಿ.

ಪುರಿ ಮಾರೋ ಪುಟ್ನಂಜಮ್ಮನಿಗೆ ಒಬ್ಬನೇ ಮಗ, ದ್ಯಾವ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆಯೋದನ್ನ ಮರೆತಿತ್ತು. ಹಾಲು ಉಕ್ಕುತ್ತೆ ನೋಡೋ ಅಂದರೆ, ಉಕ್ಕಿ ಒಲೆ ಆರೋವರೆಗೂ ನೋಡೋನು.

ಈ ನಡುವೆ ಪುಟ್ನಂಜಮ್ಮನ ರೆಪ್ಪೆ ಜೋತುಬಿತ್ತು, ಕೈಕಾಲು ಸೋತವು, ಕಣ್ಣು ಮಂಜಾಯಿತು. "ಮೈಗೆ ಶಕ್ತಿ ಹುಟ್ಟಿಸೋ ಮೈಟೊಕಾಂಡ್ರಿಯ ಅನ್ನೋದೇ ಕೆಟ್ಟಿದೆ. ತಾಯಿಯಿಂದ ಮಕ್ಕಳಿಗೆ ಬರೋ ಕಾಯಿಲೆ. ಮಗನ ಕಣ್ಣಿಂದ ಮಿದುಳಿಗೆ ಹೋಗೋ ದಾರಿನೂ ಪರೀಕ್ಷೆ ಮಾಡಬೇಕು" ಅಂದರು ದೊಡ್ಡಾಸ್ಪತ್ರೆಯಲ್ಲಿ. ನನಗೇನಾದರೂ ಆಗಲಿ, ಇವನ ಕಣ್ಣೂ ಹೋದರೆ ಕೈಹಿಡಿದು ನಡೆಸೋರು ಯಾರು? ಅವಳಿಗೆ ಅದೊಂದೇ ಚಿಂತೆ.

ಕತ್ತಲೆ ಕೋಣೆ. ಪರೀಕ್ಷೆ ಮಾಡೋ ನಸೀಮಾ ಮೇಡಂ ದ್ಯಾವನ ತಲೆ ಹಿಂದೆ ವೈರು ಅಂಟಿಸಿದರು. ಕಂಡದ್ದು ಅಲ್ಲಿಗೆ ತಲುಪಿದರೆ ಯಂತ್ರದಲ್ಲಿ ಗೆರೆ ಏಳುತ್ತಂತೆ. ಎದುರಿನ ಪರದೆ ಮೇಲೆ ಕಪ್ಪು ಬಿಳಿ ಚೌಕಗಳು ಅದಲುಬದಲಾಗ್ತಿದ್ದವು, ನಡುವೆ ಕೆಂಪು ಚುಕ್ಕೆ.

"ಚುಕ್ಕೆ ಬಿಟ್ಟು ಏನೂ ನೋಡಬೇಡಪ್ಪ."

ದ್ಯಾವ ನೋಡಿದ. ಗೆರೆ ಸರಿಯಾಗಿ ಬರಲಿಲ್ಲ, ನಾಳೆ ಬನ್ನಿ ಅಂದರು. ಹೋಗ್ತಾ ಬಸ್ಸಿನಲ್ಲೂ ನೋಡಿದ, ಎದುರು ಕೂತ ಹೆಂಗಸಿನ ಕುಂಕುಮವನ್ನ, ರೆಪ್ಪೆ ಹೊಡೆಯದೆ. ಆಯಮ್ಮ ಚಪ್ಪಲಿ ತೆಗೆದಳು.

"ಥೂ ಪೆದ್ದೇ, ಕೆಂಪು ಚುಕ್ಕೆ ಕಂಡರೆ ಕಣ್ಣು ಮುಚ್ಕೊಬೇಕು ಕಣ್ಲಾ" ಅಂತ ಅವ್ವ ಬೈದಳು.

ಮಾರನೆ ದಿನ ಚುಕ್ಕೆ ಕಂಡಿತು. ದ್ಯಾವ ಕಣ್ಣು ಮುಚ್ಚಿದ. ಯಂತ್ರದಲ್ಲಿ ಗೆರೆ ಸತ್ತ ಹಾವಿನ ಹಾಗೆ ಮಲಗಿತು. "ಹೋಯ್ತು, ಇವನದೂ ಹೋಯ್ತು" ಅಂತ ಪುಟ್ನಂಜಮ್ಮ ಕುಸಿದಳು.

ನಸೀಮಾ ಮೇಡಂ ದ್ಯಾವನ ಮುಖ ನೋಡಿ ಹಣೆ ಚಚ್ಚಿಕೊಂಡರು. "ಕಣ್ಣು ಬರೀ ಕಿಟಕಿ ಮಾರಾಯ. ನೋಡೋನು ತಲೆ ಹಿಂದೆ ಕೂತಿದಾನೆ. ಅವನಿಗೆ ತೋರಿಸು."

ಸರಿ, ದ್ಯಾವ ಕುರ್ಚಿ ತಿರುಗಿಸಿ ಪರದೆಗೆ ಬೆನ್ನು ಹಾಕಿ ಕೂತ. ಬೈಯೋಕೆ ಅಂತ ಮೇಡಂ ತೆರೆದ ಬಾಯಿ ತೆರೆದ ಹಾಗೇ ನಿಂತಿತು. ಗೆರೆ ಹೆಡೆ ಎತ್ತುತ್ತಿತ್ತು. ಪರದೆ ಆರಿಸಿದರು. ಆಗಲೂ ಎತ್ತುತ್ತಿತ್ತು.

ಅವನನ್ನ ಕೈಯಾರೆ ಈ ಕಡೆ ತಿರುಗಿಸಿ, ಕಣ್ಣು ಬಿಡಿಸಿ, ಪರೀಕ್ಷೆ ಮುಗಿಸಿ, ಬೆವರೊರೆಸಿಕೊಂಡು ಹೇಳಿದರು: "ಕಣ್ಣು ಇದೆ ಅಮ್ಮ. ಕಂಡದ್ದು ತಲೆ ಹಿಂದಕ್ಕೆ ತಲುಪೋದು ತಡ, ಅಷ್ಟೆ. ಆಗಾಗ ತೋರಿಸ್ತಿರಿ."

"ಕೇಳಿದೇನ್ಲಾ? ಏನೇ ಕಂಡರೂ ಓಡಬೇಡ. ತಲುಪೋವರೆಗೂ ಕಾದಿರು" ಅಂದಳು ಅವ್ವ. ಪಾಪ, ಅವಳು ಹೇಳಿದ್ದು ರಸ್ತೆ ದಾಟೋದಕ್ಕೆ.

ಸೋತ ಮೈ ಎಷ್ಟಂತ ತಡೆದೀತು? ಒಂದು ಬೆಳಿಗ್ಗೆ ಪುಟ್ನಂಜಮ್ಮ ಏಳಲಿಲ್ಲ. ಪುರಿ ಕೇಳೋಕೆ ಬಂದ ಪಕ್ಕದ ಮನೆ ಜವರಮ್ಮ ನೋಡ್ತಾಳೆ, ತಾಯಿ ಚಾಪೆ ಮೇಲೆ ತಣ್ಣಗಾಗಿದ್ದಾಳೆ. ಮಗ ಅವಳಿಗೆ ಬೆನ್ನು ಹಾಕಿ ಕೂತಿದ್ದಾನೆ.

"ಅಯ್ಯೋ ದ್ಯಾವ, ನಿಮ್ಮವ್ವ ಹೋಗ್ಬಿಟ್ಟವಳೆ ಕಣ್ಲಾ. ನೋಡ್ನಿಲ್ವಾ?"

"ನೋಡ್ದೆ ಜವರಕ್ಕ. ಇನ್ನೂ ತಲುಪಿಲ್ಲ."

"ಏನ್ ಮಾತ್ಲಾ ಇದು? ತಿರುಗಿ ನೋಡ್ಲಾ."

"ಸುಮ್ಕಿರಕ್ಕ. ನಂಗೀಗ ತಲುಪ್ತಾ ಇರೋದು, ಅವ್ವ ಎದ್ದು ಕೂತು ತಲೆ ಬಾಚ್ಕೊತಾವಳೆ."

ಸಿಕ್ಕುಗೂದಲಲ್ಲಿ ಬಾಚಣಿಗೆ ಎಳೆಯೋ ಸದ್ದು ಜವರಮ್ಮನಿಗೂ ಕೇಳಿಸಿತು. ಚಾಪೆ ಕಡೆ ಕಣ್ಣು ಹಾಯಿಸದೆ ಹೊಸ್ತಿಲು ಹಾರಿದಳು.

"ಓಡಬೇಡಕ್ಕ" ಅಂದ ದ್ಯಾವ, ಬಲು ಸಮಾಧಾನವಾಗಿ. "ನಿಂಗೂ ತಲುಪಲಿ, ಇರು."