ಅಂಬಿಗನ ಸುಣ್ಣದ ಗೆರೆ

“ಗುರುಗಳೇ, ಅರಸನ ಆಜ್ಞೆಯಲ್ಲಿರುವುದು ಒಂದೇ ಮಾತು. ಅದಕ್ಕೆ ಅಧಿಕಾರಿ ತನಗೆ ತೋಚಿದ ಅರ್ಥ ಹಚ್ಚುತ್ತಾನೆಂದು ಪ್ರಜೆಗಳು ನನ್ನ ಬಳಿ ದೂರು ತಂದಿದ್ದಾರೆ. ಅರ್ಥ ಹೇಳಬೇಕಾದವರು ಯಾರು? ಕೆಲಸ ಬಲ್ಲ ಅವನೋ, ನ್ಯಾಯಪೀಠದಲ್ಲಿ ಕೂತ ನಾನೋ?”

ಶಿಷ್ಯ ನ್ಯಾಯಾಧಿಕಾರಿಯಾಗಿ ತಿಂಗಳೂ ಆಗಿರಲಿಲ್ಲ. ಮರುದಿನ ತೀರ್ಪು ಕೊಡಬೇಕಿತ್ತು. ಬೆರಳಿನ ಮುದ್ರೆಯುಂಗುರವನ್ನು ತಿರುಗಿಸುತ್ತಲೇ ಇದ್ದ.

ಗುರು ಹೇಳಿದರು:

ಒಂದು ನದಿಗೆ ಒಬ್ಬ ಅಂಬಿಗನಿದ್ದ. ದೋಣಿಗೆ ಭಾರ ಹೆಚ್ಚಾಗಬಾರದು ಎಂದಷ್ಟೇ ಅರಸನ ಆಜ್ಞೆ. ಎಷ್ಟಾದರೆ ಹೆಚ್ಚು? ಅದನ್ನು ಅರಸ ಹೇಳಿರಲಿಲ್ಲ. ಅಂಬಿಗ ದಿನಾ ಬೆಳಗ್ಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಸೆಳೆತ ನೋಡುತ್ತಿದ್ದ. ಆಮೇಲೆ ದೋಣಿಯ ಹೊರಮೈಗೆ ಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದ. ನೀರು ಗೆರೆ ಮುಟ್ಟಿದರೆ ಮತ್ತೆ ಯಾರನ್ನೂ ಹತ್ತಿಸುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದು ಜೀವವೂ ಹೋಗಲಿಲ್ಲ.

ಅವನ ಮಗಳ ಮದುವೆ ಬಂತು. ಬೀಗರ ದಿಬ್ಬಣ ದಡದಲ್ಲಿ ನಿಂತಿತ್ತು. ಆ ದಿನ ಅವನು ಗೆರೆಯನ್ನು ನಾಲ್ಕು ಬೆರಳು ಮೇಲೆ ಎಳೆದ. ಹಿಂದಿನ ದಿನ ಅದೇ ಗೆರೆಯ ಕಾರಣಕ್ಕೆ ದಡದಲ್ಲೇ ಉಳಿದಿದ್ದ ಒಬ್ಬ ವರ್ತಕ ಅದನ್ನು ನೋಡಿದ. ಅವನಿಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ನ್ಯಾಯಾಧಿಕಾರಿಯ ಬಳಿ ಹೋದ. “ಗೆರೆ ಎಳೆಯುವುದು ನದಿಯೋ, ಇವನ ನೆಂಟಸ್ತಿಕೆಯೋ?” ಎಂದು ಕೇಳಿದ. ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆ ನ್ಯಾಯಾಧಿಕಾರಿಗೆ ಈಜು ಬಾರದು, ಅಕ್ಷರ ಚೆನ್ನಾಗಿ ಬರುತ್ತಿತ್ತು. ಆಜ್ಞೆಯನ್ನು ಮೂರು ಸಲ ಓದಿದ. ಬಡಗಿಯನ್ನು ಕರೆಸಿ, ದೋಣಿಯ ಮೈಯಲ್ಲಿ ಎಂದೂ ಅಳಿಯದ ಒಂದು ಗೆರೆ ಕೊರೆಸಿದ. ಸುಣ್ಣದ ಕುಡಿಕೆ ಮೂಲೆ ಸೇರಿತು. ಊರಿಗೆ ಸಮಾಧಾನವಾಯಿತು.

ಮರುವರ್ಷ ನದಿ ಕೆಂಪಾಗಿ ಏರಿತು. ಆ ವರ್ತಕ ಜ್ವರದಿಂದ ಕಣ್ಣು ತೆರೆಯದ ಮಗುವನ್ನು ಹೊತ್ತು ಓಡಿ ಬಂದ. ವೈದ್ಯನಿದ್ದದ್ದು ಆಚೆ ದಡದಲ್ಲಿ. ದೋಣಿ ತುಂಬಿತ್ತು, ಆದರೆ ಕೊರೆದ ಗೆರೆಗಿಂತ ನೀರು ಎರಡು ಬೆರಳು ಕೆಳಗಿತ್ತು. “ಗೆರೆ ಮುಟ್ಟಿಲ್ಲ, ಬಿಡು ದೋಣಿ” ಎಂದು ಒಳಗಿದ್ದವರು ಕೂಗಿದರು. ವರ್ತಕ ಒಂದು ಕಾಲನ್ನು ದೋಣಿಯಲ್ಲಿಟ್ಟು, ಸುಳಿಗಳನ್ನು ಕಂಡು ಹಾಗೇ ನಿಂತ.

“ಅಣ್ಣಾ, ಗೆರೆಯ ಮಾತು ಬಿಡು. ನೀನು ನೀರು ಬಲ್ಲವನು. ಇವತ್ತು ದಾಟಬಹುದೇ?”

“ಗೊತ್ತಿಲ್ಲ ಯಜಮಾನರೇ” ಎಂದ ಅಂಬಿಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. “ಬೆಳಗ್ಗೆ ನೀರಿನಲ್ಲಿ ನಿಂತು ನೋಡುವುದನ್ನು ಬಿಟ್ಟು ವರ್ಷವಾಯಿತು. ಗೆರೆ ಇತ್ತಲ್ಲ, ಯಾಕೆ ನಿಲ್ಲಲಿ? ಈಗ ನಿಂತರೂ ಕಾಲಿಗೆ ಏನೂ ತಿಳಿಯುತ್ತಿಲ್ಲ.”

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಆಮೇಲೆ? ಮಗು ಆಚೆ ದಡ ಸೇರಿತೇ? ಹಾಗಾದರೆ ಆ ಸುಣ್ಣವನ್ನು ಅವನ ಕೈಯಲ್ಲೇ ಬಿಡಬೇಕಿತ್ತೇ?”

ಗುರು ಅವನ ಉಂಗುರವನ್ನು ನೋಡಿದರು.

“ತಪ್ಪು ಮಾಡಿದ್ದು ಅಂಬಿಗನ ಕೈ, ಮರಗಟ್ಟಿದ್ದು ಅವನ ಕಾಲು. ನಾಳೆ ನಿನ್ನ ತೀರ್ಪು ಕಟ್ಟಿಹಾಕುವುದು ಯಾವುದನ್ನು?”