ಊರೆ ಬಿಚ್ಚಿದ ದಿನ

“ಗುರುಗಳೇ, ನಾಳೆ ನ್ಯಾಯದ ಕಟ್ಟೆಯಲ್ಲಿ ಊರಗೌಡನ ವಿರುದ್ಧ ಸಾಕ್ಷಿ ಹೇಳಬೇಕು. ನನಗೆ ಭಯ. ನನ್ನ ಅವಳಿ ತಮ್ಮನಿಗೆ ನನ್ನ ಶಾಲು ಹೊದಿಸಿ ಕಳಿಸಿದರೆ ತಪ್ಪೇನು? ಹೇಳುವ ಮಾತು ನಿಜವೇ ತಾನೇ?” ಎಂದು ಶಿಷ್ಯ ಕೇಳಿದ.

“ಕೂತುಕೋ. ಈ ಸೀಮೆಯಲ್ಲಿ ನಾನು ದಾಟದ ಸೇತುವೆಯಿಲ್ಲ. ಅದರಲ್ಲೊಂದರ ಕತೆ ಕೇಳು” ಎಂದರು ಗುರುಗಳು.

ಒಬ್ಬ ಮೇಸ್ತ್ರಿ ಹೊಳೆಗೆ ಗಾಡಿದಾರಿಯ ಸೇತುವೆ ಕಟ್ಟಿದ. ಕಲ್ಲಿನ ಒಂದೇ ಕಮಾನು. ಹದ್ದುಗಳೂ ಅದರ ಕೆಳಗೇ ನುಸುಳಿ ಹೋಗಬೇಕು, ಅಷ್ಟು ಎತ್ತರ. ಸುಳ್ಳಾದರೆ ನನ್ನ ಮೀಸೆ ಬೋಳಿಸು. ಗಾರೆಗೆ ಸುರಿದ ಬೆಲ್ಲದ ವಾಸನೆಗೆ ಏಳೂರಿನ ಇರುವೆ ಅಲ್ಲಿ ಸಾಲುಗಟ್ಟಿತ್ತು.

ಕಮಾನು ಮುಗಿಯುವ ತನಕ ಅದರ ಭಾರವನ್ನು ಕೆಳಗಿನ ಮರದ ಊರೆ ಹೊರುತ್ತದೆ. ಊರೆ ಬಿಚ್ಚುವ ದಿನ ಕಟ್ಟಿದವನು ಕೆಳಗೆ ನಿಲ್ಲಬೇಕು. ಬಿದ್ದರೆ ಮೊದಲು ಅವನ ತಲೆಯ ಮೇಲೆಯೇ ಬೀಳಲಿ. ಅದು ಅವರ ಕಸುಬಿನ ಕಟ್ಟಳೆ.

ಮೇಸ್ತ್ರಿಗೆ ಜೀವ ಹಿಂಡಿದಂತಾಯಿತು. ಬೆಳಗಿನ ಮಂಜಿನಲ್ಲಿ ಯಾರಿಗೂ ಕಾಣದಂತೆ ಹುಲ್ಲಿನ ಬೊಂಬೆಯೊಂದನ್ನು ಕಮಾನಿನ ಕೆಳಗೆ ನಿಲ್ಲಿಸಿದ. ತನ್ನ ರುಮಾಲು ಸುತ್ತಿದ, ತನ್ನ ಕಂಬಳಿ ಹೊದಿಸಿದ. ತಾನು ಲಕ್ಕಿಗಿಡಗಳ ಮರೆಗೆ ಹೋಗಿ ಕೂತ.

ಊರೆ ಬಿಚ್ಚಿದರು. ಕಲ್ಲು ಕಲ್ಲನ್ನು ಕಚ್ಚಿಕೊಂಡಿತು. ಕಮಾನು ನಿಂತಿತು. ಜನ ಕೇಕೆ ಹಾಕಿದರು.

ಆಗ ಕೆಳಗಿನ ಕಂಬಳಿ ಅಲುಗಿತು. ಅದು ಮೆಲ್ಲಗೆ ನಡೆದು ದಂಡೆ ಹತ್ತಿ ಬಂತು. ಜನ ಅದಕ್ಕೆ ಹಾರ ಹಾಕಿದರು. ಮೇಸ್ತ್ರಿಯ ಹೆಂಡತಿ ಅದರ ಹತ್ತಿರ ಹೋಗಿ, “ಮನೆಗೆ ಬನ್ನಿ, ನೀರು ಕಾದಿದೆ” ಎಂದಳು.

“ನಡಿ” ಎಂದಿತು ಅದು. ದನಿ ಮೇಸ್ತ್ರಿಯದೇ.

ಅವನು ಗಿಡದ ಮರೆಯಿಂದ ಓಡಿ ಬಂದ. “ಅದು ಹುಲ್ಲಿನ ಬೊಂಬೆ ಕಣ್ರೋ! ಕಟ್ಟಿದವನು ನಾನು!”

ಹೆಂಡತಿ ಪರಪುರುಷನನ್ನು ಕಂಡವಳಂತೆ ಸೆರಗು ಎಳೆದುಕೊಂಡಳು. ಕಲ್ಲು ಹೊರುವ ಮುದುಕನೊಬ್ಬ ನಕ್ಕ. “ಬೆಳಗಾಗೆದ್ದೇ ಹೆಂಡ ಕುಡಿದೆಯಾ ಅಪ್ಪಾ? ಊರೆ ಬಿಚ್ಚುವಾಗ ಮೇಸ್ತ್ರಿ ಕೆಳಗೇ ನಿಂತಿದ್ದರು. ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ನೀನೆಲ್ಲಿದ್ದೆ?”



ಅಷ್ಟರಲ್ಲಿ ಮೊದಲ ಗಾಡಿ ಸೇತುವೆ ದಾಟಿ ಬಂತು. ಎತ್ತು ಗಿಡದ ಮರೆಯಿಂದ ಬಂದವನ ಪಕ್ಕದಲ್ಲಿ ನಿಂತಿತು. ಹೆಗಲನ್ನು ಮೂಸಿತು. ಅಲ್ಲಿಂದ ಒಂದು ಬಾಯಿ ಹುಲ್ಲು ಕಿತ್ತುಕೊಂಡು ಮೆಲ್ಲತೊಡಗಿತು.

ಅವನಿಗೆ ನೋವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡ. “ಆ ಸೇತುವೆ ಏನಾಯಿತು, ಗುರುಗಳೇ?”

“ಸೇತುವೆಗೇನು? ಇವತ್ತಿಗೂ ಗುಂಡುಕಲ್ಲಿನ ಹಾಗಿದೆ. ನೀನು ತಮ್ಮನನ್ನೇ ಕಳಿಸು. ಸಂಜೆ ನಿನ್ನ ಮನೆಗೆ ಮರಳುವವನೂ ಅವನೇ.”